ಬಿಸಿಗೆ ಮೂಕಾದ ರೇಡಿಯೊ

ಬಣ್ಣದ ಗೋದಾಮಿಗೆ ಬೆಂಕಿ ಬಿದ್ದ ಮಧ್ಯಾಹ್ನ, ಅದರ ಛಾವಣಿ ಇನ್ನು ನಿಲ್ಲುವುದಿಲ್ಲ ಎಂದು ಹೊರಗಿದ್ದ ಅಗ್ನಿಶಾಮಕ ದಳದವರಿಗೆ ಗೊತ್ತಾಯಿತು. ಬಿಟ್ಟು ಬನ್ನಿ ಎಂದು ಒಳಗಿದ್ದವರಿಗೆಲ್ಲ ರೇಡಿಯೊದಲ್ಲಿ ಹೇಳಿದರು. ಒಬ್ಬೊಬ್ಬರಾಗಿ ಎಲ್ಲರೂ ಬಂದರು, ಒಬ್ಬರನ್ನು ಬಿಟ್ಟು. ಆ ಒಬ್ಬರು ಕರೆಂಟಮ್ಮನ ಭಾವ, ಅವಳ ಅಕ್ಕನ ಗಂಡ. ಮತ್ತೆ ಕರೆದರು, ಕೂಗಿ ಕರೆದರು, ಉತ್ತರವಿಲ್ಲ. ಛಾವಣಿ ಕುಸಿಯಿತು. ಕಬ್ಬಿಣದ ತೊಲೆಯ ಕೆಳಗಿನಿಂದ ಅವರನ್ನು ಎಳೆದು ತೆಗೆದಾಗ ಜೀವವಿತ್ತು. ಎಡಗಾಲು ಮಂಡಿಯಿಂದ ಕೆಳಗೆ ನುಜ್ಜುಗುಜ್ಜಾಗಿತ್ತು, ಎರಡೂ ಅಂಗೈ ಸುಟ್ಟಿದ್ದವು. ಅವರ ಎದೆಯ ಜೇಬಿನಲ್ಲಿದ್ದ ರೇಡಿಯೊಗೆ ಮಾತ್ರ ಒಂದು ಗೀರೂ ಬಿದ್ದಿರಲಿಲ್ಲ.

ಆ ರೇಡಿಯೊ ತಯಾರಾದದ್ದು ಕರೆಂಟಮ್ಮ ಕೆಲಸ ಮಾಡುವ ಕಂಪನಿಯಲ್ಲಿ. ಅದರ ಪವರ್ ಸಪ್ಲೈ, ಎಂದರೆ ಬ್ಯಾಟರಿಯ ಕರೆಂಟನ್ನು ರೇಡಿಯೊದ ಒಂದೊಂದು ಭಾಗಕ್ಕೂ ಬೇಕಾದ ಹದಕ್ಕೆ ತಂದು ಕೊಡುವ ಭಾಗ, ಅವಳದೇ ವಿನ್ಯಾಸ. ಕಂಪನಿಯಲ್ಲಿ ಆ ಅಡ್ಡಹೆಸರು ಬಿದ್ದದ್ದೂ ಅದಕ್ಕೇ. ಮನೆಯಲ್ಲಿ ಅವಳು ಪುಟ್ಟಿ.

ಆಸ್ಪತ್ರೆಯ ಮೊಗಸಾಲೆಯಲ್ಲಿ ಅಕ್ಕ ಪ್ಲಾಸ್ಟಿಕ್ ಕುರ್ಚಿಯ ಅಂಚಿನಲ್ಲಿ ಕೂತಿದ್ದಳು. ಅವಳು ಡ್ರೈವಿಂಗ್ ಶಾಲೆಯಲ್ಲಿ ಕಲಿಸುವವಳು. ಹೊಸಬರು ಲಾರಿಯ ಎದುರಿಗೇ ಸ್ಟೇರಿಂಗ್ ತಿರುಗಿಸಿದರೂ ದನಿ ಏರಿಸದೆ ಮಾತಾಡಿ ಅಭ್ಯಾಸ. ಅವತ್ತೂ ಏರಿಸಲಿಲ್ಲ.

“ನಿಮ್ಮ ಡಬ್ಬ ಬಾಯಿ ಬಿಡ್ಲಿಲ್ಲವಂತೆ ಪುಟ್ಟಿ,” ಎಂದಳು. “ಬೇರೆಯವರಿಗೆಲ್ಲ ಕೇಳಿಸಿದೆ. ಬೆಂಕಿಗೆ ಎಲ್ಲರಿಗಿಂತ ಹತ್ತಿರ ಇದ್ದ ಇವರಿಗೆ ಕೇಳಿಸಿಲ್ಲ. ಯಾಕೆ ಅಂತ ನೀನೇ ಹೇಳು. ಇನ್ನು ಯಾರನ್ನ ಹೋಗಿ ಕೇಳಲಿ ನಾನು?”

ಗೊತ್ತಿಲ್ಲ ಎಂದಳು ಕರೆಂಟಮ್ಮ. ಅಕ್ಕ ಎದ್ದು ಹೋಗಿ ಬೇರೆ ಕುರ್ಚಿಯಲ್ಲಿ ಕೂತಳು.

ಗೊತ್ತಿಲ್ಲ ಎಂದದ್ದು ಪೂರ್ತಿ ನಿಜವೇನಲ್ಲ. ಬಸ್ಸಿನಲ್ಲಿ ಆಸ್ಪತ್ರೆಗೆ ಬರುವಾಗಲೇ ಅವಳ ತಲೆಯಲ್ಲಿ ಒಂದು ಅನುಮಾನ ಹುಳದ ಹಾಗೆ ಕೊರೆಯತೊಡಗಿತ್ತು.

ಆ ರೇಡಿಯೊ ಬರುವ ಮೊದಲು ದಳದವರು ಸೊಂಟಕ್ಕೆ ಮೂರು ಸೆಟ್ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಊರಿನ ವಾಹನಗಳ ಜೊತೆ ಮಾತಾಡಲು ಒಂದು, ಬಂದರಿನ ದೋಣಿಗಳಿಗೆ ಒಂದು, ಕಾಡಿನ ಕಾವಲಿನವರಿಗೆ ಇನ್ನೊಂದು. ಒಂದೊಂದರ ಬ್ಯಾಂಡೂ, ಎಂದರೆ ಅದು ಹಿಡಿಯುವ ಅಲೆಗಳ ಪಟ್ಟಿಯೂ, ಬೇರೆ. ಮೂರನ್ನೂ ಒಂದೇ ಡಬ್ಬಿಯಲ್ಲಿ ತುಂಬಿಕೊಡುತ್ತೇವೆ ಎಂದು ಕಂಪನಿ ಒಪ್ಪಿಕೊಂಡಿತು. ಕರೆಂಟಮ್ಮ ಮೊದಲು ತಂದ ನಕ್ಷೆ ಚಿಕ್ಕದಾಗಿತ್ತು. ಮೂರು ಬ್ಯಾಂಡ್ ಇದ್ದರೂ ಒಂದು ಸಲಕ್ಕೆ ಮಾತಾಡುವುದು ಒಂದೇ ತಾನೆ, ಮೂರಕ್ಕೂ ಒಂದೇ ಸಪ್ಲೈ ಸಾಕು ಎಂಬುದು ಅವಳ ವಾದ. ಮೀಟಿಂಗಿನಲ್ಲಿ ಅದು ನಿಲ್ಲಲಿಲ್ಲ. ಒಂದು ಬ್ಯಾಂಡಿನವರು ನಮಗೆ ಬೇರೆಯೇ ಸಪ್ಲೈ ಬೇಕು ಎಂದರು. ಅವರಿಗೆ ಕೊಟ್ಟದ್ದು ನಮಗೂ ಬೇಕು ಎಂದರು ಇನ್ನೊಬ್ಬರು. ಎಲ್ಲೋ ಒಂದು ಗೊರಗೊರ ಕೇಳಿಸಿತು ಎಂದರೆ ಸಾಕು, ಇನ್ನೊಂದು ರೆಗ್ಯುಲೇಟರ್ ಸೇರಿಸಿಬಿಡಿ ಎಂಬ ಮಾತು ಬರುತ್ತಿತ್ತು.

ರೆಗ್ಯುಲೇಟರ್ ಎಂಬುದು ವೋಲ್ಟೇಜನ್ನು ಒಂದೇ ಹದದಲ್ಲಿ ಹಿಡಿದಿಡುವ ಪುಟ್ಟ ಬಿಡಿಭಾಗ, ಸಾಧು ಪ್ರಾಣಿ. ಗಲಾಟೆ ಮಾಡುವುದಿಲ್ಲ, ರೇಡಿಯೊಗೆ ಸದ್ದು ಬೆರೆಸುವುದಿಲ್ಲ. ಆದರೆ ಮೇಲಿನಿಂದ ಬಂದ ವೋಲ್ಟೇಜಿನಲ್ಲಿ ತನಗೆ ಬೇಡದ್ದನ್ನೆಲ್ಲ ಸುಮ್ಮನೆ ಬಿಸಿ ಮಾಡಿ ಕಳೆಯುತ್ತದೆ. ಒಂದಿದ್ದರೆ ಪರವಾಗಿಲ್ಲ. ಆ ಬೋರ್ಡಿನ ಮೇಲೆ ಅವು ಸಂಜೆಯ ಬಸ್ ಸ್ಟಾಪಿನ ಜನರಂತೆ ಭುಜಕ್ಕೆ ಭುಜ ತಾಗಿಸಿ ನಿಂತಿದ್ದವು. ಬಿಸಿ ವಿಪರೀತವಾದರೆ ತಾನು ಸುಟ್ಟುಹೋಗದಿರಲಿ ಎಂದು ಅದು ತಾನಾಗಿ ಮುಚ್ಚಿಕೊಳ್ಳುತ್ತದೆ. ತಣ್ಣಗಾದ ಮೇಲೆ ಏನೂ ಆಗಿಲ್ಲವೆಂಬಂತೆ ತೆರೆದುಕೊಳ್ಳುತ್ತದೆ.

ಬೇಡ ಎಂದು ಅವಳು ಅವತ್ತು ಜಗಳವಾಡಿದ್ದಳು. ಮುಖ್ಯಸ್ಥರು ಎಲ್ಲವನ್ನೂ ಶಾಂತವಾಗಿ ಕೇಳಿಸಿಕೊಂಡು, ನೀನು ಹೇಳೋದು ಸರಿನೇ, ಆದರೆ, ಎಂದು ಶುರು ಮಾಡಿದ್ದರು. ಯಾವ ಮಾತಿಗೂ ಅವರ ಉತ್ತರ ಹಾಗೆಯೇ ಶುರುವಾಗುತ್ತಿದ್ದುದರಿಂದ ಹಿಂದಿನಿಂದ ಎಲ್ಲರೂ ಅವರನ್ನು ‘ಆದರೆ ಸಾಹೇಬರು’ ಎನ್ನುತ್ತಿದ್ದರು. ಒಂದು ಭಾಗ ಸೇರಿಸಿ ಕೆಟ್ಟರೆ ಯಾರನ್ನೂ ಯಾರೂ ಕೇಳುವುದಿಲ್ಲ, ತೆಗೆದು ಕೆಟ್ಟರೆ ಮಾತ್ರ ತೆಗೆದವರ ಕುತ್ತಿಗೆಗೆ ಬರುತ್ತದೆ ಎಂಬುದು ಅವರ ಲೆಕ್ಕಾಚಾರ. ಕರೆಂಟಮ್ಮ ಜಗಳವಾಡಿ, ಸೋತು, ಕೊನೆಗೆ ಅವರು ಕೇಳಿದ್ದನ್ನೇ ತನ್ನ ಕೈಯಾರೆ ಬರೆದುಕೊಟ್ಟಿದ್ದಳು.

ಭಾವನ ರೇಡಿಯೊ ಪರೀಕ್ಷೆಗೆಂದು ಕಂಪನಿಗೆ ಬಂತು. ಮೇಜಿನ ಮೇಲಿಟ್ಟು ಆನ್ ಮಾಡಿದರೆ ಮೂರು ಬ್ಯಾಂಡಿನಲ್ಲೂ ಗಂಟೆ ಬಾರಿಸಿದ ಹಾಗೆ ಮಾತಾಡಿತು. ಎರಡು ದಿನ ಬಿಟ್ಟು ನೋಡಿದರೂ ಅಷ್ಟೇ. ಏರ್ ಕಂಡೀಷನರ್ ಹಾಕಿದ ತಣ್ಣನೆಯ ಕೋಣೆ ಅದು. ಮೀಟಿಂಗಿನಲ್ಲಿ ಆದರೆ ಸಾಹೇಬರು ಪೆನ್ನಿನ ಮುಚ್ಚಳ ತಿರುಗಿಸುತ್ತ, ಸೆಟ್ಟಿನಲ್ಲಿ ದೋಷವಿಲ್ಲ, ದಪ್ಪ ಕೈಗವಸು ಹಾಕಿದ ಕೈ ಗುಂಡಿಗೆ ತಾಗಿ ಆಫ್ ಆಗಿರಬೇಕು ಎಂದರು. ಭಾವನನ್ನು ಎಳೆದು ತೆಗೆಯುವ ಗಡಿಬಿಡಿಯಲ್ಲಿ ಗುಂಡಿ ಎತ್ತ ತಿರುಗಿತ್ತೆಂದು ಯಾರೂ ನೋಡಿರಲಿಲ್ಲ. ಓವನ್ನಿನಲ್ಲಿ ಬಿಸಿ ಮಾಡಿ ನೋಡೋಣ ಎಂದಳು ಕರೆಂಟಮ್ಮ. ಸರಿನೇ, ಆದರೆ ಈಗ ಅದರ ಅಗತ್ಯ ಇಲ್ಲ ಎಂಬ ಉತ್ತರ ಬಂತು. ಕೈಗವಸಿನ ಆ ಮಾತೇ ಕಂಪನಿಯ ಮಾತಾಗಿ ದಳದ ಕಚೇರಿಗೆ ಹೋಯಿತು.

ಅಲ್ಲಿಂದ ಅದು ಆಸ್ಪತ್ರೆಯ ಹಾಸಿಗೆಗೂ ಬಂತು. ಬೆಂಕಿಯೊಳಗೆ ಅಜಾಗ್ರತೆಯಿಂದ ರೇಡಿಯೊ ಆಫ್ ಮಾಡಿಕೊಂಡದ್ದಕ್ಕೆ ವಿಚಾರಣೆ ನಡೆಯಲಿದೆ, ಗುಣವಾದ ಮೇಲೆ ಹಾಜರಾಗಬೇಕು ಎಂದು ಮೇಲಿನವರು ಹೇಳಿಕಳಿಸಿದ್ದರು. ಮರುದಿನ ಕರೆಂಟಮ್ಮ ಹೋದಾಗ ಭಾವ ಬ್ಯಾಂಡೇಜು ಸುತ್ತಿದ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ಛಾವಣಿ ನೋಡುತ್ತಿದ್ದರು. ಯಾರಿಗೂ ಎದುರಾಡದ ಮನುಷ್ಯ. ನಗಿಸುವುದೇ ಅವರ ಸ್ವಭಾವ, ಅಕ್ಕನ ಕಾರಿನಲ್ಲಿ ಕೂತರೆ ಕಣ್ಣು ಮುಚ್ಚಿಕೊಂಡು ನಡುಗುವ ನಾಟಕ ಮಾಡಿ ಅವಳಿಂದ ಬೈಸಿಕೊಳ್ಳುವವರು.

“ನನ್ನ ಕೈಯೇ ತಾಗಿತ್ತೇನೋ ಪುಟ್ಟಿ,” ಎಂದರು. “ಹೊಗೆಯಲ್ಲಿ ಏನೂ ಕಾಣ್ತಿರ್ಲಿಲ್ಲ. ತಾಗಿರಬಹುದು.”

ಅಲ್ಲಿಯವರೆಗೆ ಕರೆಂಟಮ್ಮನಿಗೆ ಇದ್ದದ್ದು ಸಂಕಟ. ಆ ಮಾತು ಕೇಳಿದ ಮೇಲೆ ಹತ್ತಿದ್ದು ಸಿಟ್ಟು. ಮೆಟ್ಟಿಲು ಇಳಿಯುವಾಗ ಅವಳ ಹಲ್ಲು ಕಡಿಯುವ ಸದ್ದು ಅವಳಿಗೇ ಕೇಳಿಸುತ್ತಿತ್ತು. ಕಾಲು ಮುರಿದದ್ದಲ್ಲದೆ ಆ ಮನುಷ್ಯನಿಗೆ ತನ್ನ ಕೈಯ ಮೇಲೇ ನಂಬಿಕೆ ಹೋಗುವಂತೆ ಮಾಡಿಬಿಟ್ಟಿದ್ದರು.

ಮರುದಿನ ಎಲ್ಲರೂ ಊಟಕ್ಕೆ ಹೋದ ಹೊತ್ತಿನಲ್ಲಿ ಅವಳು ಆ ಸೆಟ್ಟನ್ನು ಕಪಾಟಿನಿಂದ ತೆಗೆದುಕೊಂಡು ಮಹಡಿಗೆ ಹೋದಳು. ಬೋರ್ಡುಗಳ ತೇವ ಆರಿಸುವ ಓವನ್ ಇದ್ದದ್ದು ಅಲ್ಲಿ. ಬಾಗಿಲಲ್ಲೇ ಮೇಷ್ಟ್ರು ಸಿಕ್ಕರು. ಅವರು ರೇಡಿಯೊ ವಿಭಾಗದ ಹಿರಿಯರು. ಕಂಪನಿಯ ಅರ್ಧದಷ್ಟು ಜನಕ್ಕೆ ಕೆಲಸ ಕಲಿಸಿದವರಾದ್ದರಿಂದ ಮೇಷ್ಟ್ರು. ರಿಸೀವರಿನ ಗೊರಗೊರವನ್ನು ಬರೀ ಕಿವಿಯಲ್ಲಿ ಕೇಳಿ ಇದು ಇಂಥಲ್ಲಿಂದ ಬಂದದ್ದು ಎನ್ನುವಷ್ಟು ಪಳಗಿದವರು. ಬ್ಯಾಂಡಿಗೊಂದು ಸಪ್ಲೈ ಬೇಕೇ ಬೇಕು ಎಂದು ಅವತ್ತು ಮೊದಲು ಹಠ ಹಿಡಿದವರೂ ಅವರೇ.

ಅವರೂ ಅವಳ ಹಿಂದೆಯೇ ಒಳಗೆ ಬಂದರು. ದಪ್ಪ ಬಟ್ಟೆಯಲ್ಲಿ ಸೆಟ್ ಸುತ್ತಿ, ಮೂರು ಬ್ಯಾಂಡನ್ನೂ ಸರದಿಯಂತೆ ಆಲಿಸುವ ಹಾಗೆ ಇಟ್ಟು, ಓವನ್ನಿಗೆ ಹಾಕಿದಳು. ಜಾಕೆಟ್ಟಿನ ಜೇಬು ಬೆಂಕಿಯ ಹತ್ತಿರ ಎಷ್ಟು ಬಿಸಿಯಾಗುತ್ತದೋ ಅಷ್ಟಕ್ಕೆ ತಿರುಗಿಸಿದಳು, ಅದಕ್ಕಿಂತ ಹೆಚ್ಚಿಲ್ಲ. ಇನ್ನೊಂದು ಸೆಟ್ ಕೈಯಲ್ಲಿ ಹಿಡಿದು ಮಕ್ಕಳ ಹಾಗೆ ಒಂದು, ಎರಡು, ಮೂರು ಎನ್ನತೊಡಗಿದಳು. ಓವನ್ನಿನ ಗಾಜಿನ ಹಿಂದಿನಿಂದ ಅವಳದೇ ದನಿ ಅವಳನ್ನು ಹಿಂಬಾಲಿಸಿತು. ಎಣಿಕೆ ಮುಗಿಸಿ ಮತ್ತೆ ಮೊದಲಿನಿಂದ ಎಣಿಸುತ್ತಲೇ ಇದ್ದಳು. ಗಂಟಲು ಒಣಗಿ ಬರುವಷ್ಟರಲ್ಲಿ, ಒಂದು ಅಂಕಿಯ ನಡುವೆಯೇ, ಒಳಗಿನ ದನಿ ಕತ್ತರಿಸಿದಂತೆ ನಿಂತುಹೋಯಿತು. ಸೆಟ್ಟಿನ ಹಸಿರು ದೀಪ ಉರಿಯುತ್ತಲೇ ಇತ್ತು.

“ಮೇಷ್ಟ್ರೇ, ಇದು ಆಫ್ ಆಗಿದೆಯಾ?”

“ಇಲ್ಲಮ್ಮ,” ಎಂದರು ಅವರು. “ದೀಪ ಇದೆಯಲ್ಲ.”

ಓವನ್ ಬಾಗಿಲು ತೆರೆದು ಕಾದರು. ಬಟ್ಟೆ ಬಿಚ್ಚಿ, ಸೆಟ್ಟು ಕೈಯಲ್ಲಿ ಹಿಡಿಯುವಷ್ಟು ತಣ್ಣಗಾದ ಮೇಲೆ ಅವಳು ಮತ್ತೆ ಎಣಿಸಿದಾಗ ಅದೂ ತಾನಾಗಿ ಮಾತು ಶುರು ಮಾಡಿತು, ಯಾವ ಪಾಪವನ್ನೂ ಅರಿಯದ ದನಿಯಲ್ಲಿ. ಕರೆಂಟಮ್ಮನಿಗೆ ಅದನ್ನು ಗೋಡೆಗೆ ಎಸೆಯಬೇಕು ಅನ್ನಿಸಿತು. ಎಸೆಯಲಿಲ್ಲ. ಮೇಷ್ಟ್ರ ಕಡೆ ತಿರುಗಿ, ಬ್ಯಾಂಡಿಗೊಂದು ಬೇಕು ಅಂತ ಕುಣಿದವರು ನೀವು, ಈಗ ನೋಡಿ ಎಂದಳು.

“ಕೇಳಿದ್ದು ಹೌದು,” ಎಂದರು ಮೇಷ್ಟ್ರು. “ಆದ್ರೆ ಕೊಟ್ಟವಳು ನೀನು.”

ಅವಳು ಸೆಟ್ಟನ್ನು ಎತ್ತಿಕೊಂಡು ಬಾಗಿಲ ಕಡೆ ನಡೆದಳು.

ಇಬ್ಬರೂ ಸೇರಿಯೇ ಆದರೆ ಸಾಹೇಬರ ಕೋಣೆಗೆ ಹೋದರು. ಅವರು ಎದ್ದು ಬಾಗಿಲು ಮುಚ್ಚಿ, ಮೇಷ್ಟ್ರನ್ನು ಕೂರಿಸಿ, ನಡೆದದ್ದನ್ನು ಪೂರ್ತಿ ಕೇಳಿದರು. ಆಶ್ಚರ್ಯಪಟ್ಟಂತೆ ಕಾಣಲಿಲ್ಲ. ಹೊಸ ಸಪ್ಲೈ ಮಾಡು, ನೀನು ಮೊದಲು ಹೇಳಿದ ಹಾಗೆಯೇ ಮಾಡು, ಬೇಕಾದ ಜನ ಕೊಡುತ್ತೇನೆ ಎಂದರು. ಹಳೆಯ ಸೆಟ್ಟುಗಳನ್ನು ವಾಪಸು ತರಿಸುವುದು ಯಾವಾಗ ಎಂದು ಅವಳು ಕೇಳಿದಳು. ಅದರ ಸುದ್ದಿ ಎತ್ತಬೇಡ, ಹೊಸದು ಬಂದರೆ ಹಳೆಯದು ತಾನಾಗಿ ಮೂಲೆ ಸೇರುತ್ತದೆ ಎಂದರು.

“ಅಲ್ಲಿವರೆಗೂ ಎಲ್ಲೂ ಬೆಂಕಿ ಬೀಳಲ್ವಾ ಸಾರ್?”

“ನೋಡಮ್ಮ, ನಿನ್ನ ಸಂಕಟ ಸರಿನೇ. ಆದರೆ ಆ ಮನುಷ್ಯ ನಿನ್ನ ಭಾವ ಅನ್ನೋದು ಎಲ್ಲರಿಗೂ ಗೊತ್ತು. ನೀನು ಏನು ಹೇಳಿದ್ರೂ ಮನೆಯವರನ್ನ ಉಳಿಸೋಕೆ ಹೇಳ್ತಿದ್ದಾಳೆ ಅಂತಾರೆ.”

ಅವರು ಅದನ್ನು ಬೆದರಿಕೆಯ ದನಿಯಲ್ಲಿ ಹೇಳಲಿಲ್ಲ. ಹಿತ ಬಯಸುವ ಹಿರಿಯರು ಹೇಳುವ ಹಾಗೆ ಹೇಳಿದರು. ಅದೇ ಅವಳ ಸಿಟ್ಟನ್ನು ಹೆಚ್ಚಿಸಿತು.

ಅವತ್ತು ಸಂಜೆಯೇ ಅಗ್ನಿಶಾಮಕ ಠಾಣೆಗೆ ಹೋಗಿ ಅಲ್ಲಿನ ಅಧಿಕಾರಿಗೆ ಎಲ್ಲವನ್ನೂ ಬಿಡಿಸಿ ಹೇಳಿದಳು. ಅವರು ಗಂಭೀರವಾಗಿಯೇ ಕೇಳಿದರು. ಆದರೆ ಅವರ ಕೈಯೂ ಕಟ್ಟಿತ್ತು. ಸೆಟ್ಟು ಸರಿಯಾಗಿದೆ ಎಂದು ನಿಮ್ಮ ಕಂಪನಿಯೇ ಹೇಳಿರುವಾಗ, ಕಂಪನಿಯ ಒಬ್ಬ ಹೆಣ್ಣುಮಗಳು ಬಂದು ಹೇಳಿದಳೆಂದು ಊರಿನ ಸೆಟ್ಟುಗಳನ್ನೆಲ್ಲ ಹೇಗೆ ಕೆಳಗಿಡಲಿ ಎಂದರು. ಹೊರಗೆ ವಾಹನ ತೊಳೆಯುತ್ತಿದ್ದವರು ಮಾತ್ರ ಅವಳ ಸುತ್ತ ಸೇರಿಕೊಂಡರು. ಮೂರು ಬ್ಯಾಂಡನ್ನೂ ಸರದಿಯಂತೆ ಆಲಿಸಲು ಬಿಡಬೇಡಿ, ಒಳಗೆ ಹೋಗುವಾಗ ಒಂದೇ ಬ್ಯಾಂಡಿಗೆ ಇಟ್ಟುಕೊಳ್ಳಿ, ಬಿಸಿ ಕಡಿಮೆಯಾಗುತ್ತದೆ ಎಂದು ಅವಳು ಗುಂಡಿ ತಿರುಗಿಸಿ ತೋರಿಸಿದಳು. ಅವರು ತಲೆಯಾಡಿಸಿದರು. ಒಬ್ಬ ಮಾತ್ರ ಅವಳ ಮುಖಕ್ಕೇ ಕೇಳಿದ, ಇದನ್ನ ಮಾಡಿದೋರು ಒಂದು ಸಲವಾದ್ರೂ ಬೆಂಕಿ ಹತ್ರ ಬಂದಿದ್ರಾ ಮೇಡಂ ಎಂದು. ಇಲ್ಲ ಎಂದಳು.

ಹೊಸ ಬೋರ್ಡಿನ ಕೆಲಸಕ್ಕೆ ಅವಳು ಕೂತದ್ದು ಆ ಸಿಟ್ಟಿನಲ್ಲೇ. ಹಳೆಯದು ಕೆಟ್ಟದ್ದು ಎಂದು ಬಾಯಲ್ಲಿ ಹೇಳಿದರೆ ಯಾರೂ ನಂಬುವುದಿಲ್ಲ, ಒಳ್ಳೆಯದನ್ನು ಪಕ್ಕದಲ್ಲಿಟ್ಟು ತೋರಿಸಬೇಕು ಎಂದು ಅವಳಿಗೆ ಖಾತ್ರಿಯಾಗಿತ್ತು. ಹಳೆಯ ನಕ್ಷೆಯನ್ನು ಎದುರಿಗೆ ಹರಡಿಕೊಂಡು ಒಂದೊಂದೇ ರೆಗ್ಯುಲೇಟರಿನ ಮೇಲೆ ಬೆರಳಿಟ್ಟು, ಇದು ಯಾಕಿದೆ ಎಂದು ರೇಡಿಯೊದವರನ್ನು ಕೇಳಿದಳು. ಕೆಲವಕ್ಕೆ ಯಾರಿಗೂ ಕಾರಣ ಗೊತ್ತಿರಲಿಲ್ಲ. ಒಂದನ್ನು, ಹಿಂದಿನ ಸೆಟ್ಟಿನಲ್ಲಿ ಇತ್ತಲ್ಲ ಎಂದು ಇಟ್ಟಿದ್ದರಂತೆ. ಇನ್ನೊಂದನ್ನು ಕೇಳಿ ಹಾಕಿಸಿದವನು ಕಂಪನಿ ಬಿಟ್ಟು ಹೋಗಿಯೇ ಎಷ್ಟೋ ಕಾಲವಾಗಿತ್ತು. ಅವಳು ಕೆಂಪು ಪೆನ್ನಿನಲ್ಲಿ ಹೊಡೆದು ಹಾಕುತ್ತ ಹೋದಳು. ಹೊಡೆಯುವಾಗ ಕಾಗದ ಹರಿಯುತ್ತಿತ್ತು.

ಕೊನೆಗೆ ಉಳಿದದ್ದು ಇಷ್ಟು: ಬ್ಯಾಟರಿಯಿಂದ ಒಂದು ಸ್ವಿಚಿಂಗ್ ಸಪ್ಲೈ, ಅದರಿಂದ ಮೂರು ಬ್ಯಾಂಡಿಗೂ ಒಂದೇ ದಾರಿ. ಯಾವ ಬ್ಯಾಂಡ್ ಕೆಲಸದಲ್ಲಿದೆಯೋ ಅದಕ್ಕೆ ಮಾತ್ರ ಕರೆಂಟು, ಉಳಿದೆರಡು ನಿದ್ದೆ. ರೇಡಿಯೊದ ತಾಳ ಹಿಡಿಯುವ ಆಸಿಲೇಟರ್ ತುಂಬಾ ನಾಜೂಕಾದ್ದರಿಂದ ಅದೊಂದಕ್ಕೆ ಮಾತ್ರ ಒಂದು ಪುಟ್ಟ ರೆಗ್ಯುಲೇಟರ್ ಇಟ್ಟಳು. ಸ್ವಿಚಿಂಗ್ ಸಪ್ಲೈ ಬಿಸಿಯಾಗುವುದು ಕಡಿಮೆ. ಆದರೆ ಅದು ಕರೆಂಟನ್ನು ಕ್ಷಣಕ್ಷಣಕ್ಕೂ ಕಡಿದು ಕಡಿದು ಕೊಡುವುದರಿಂದ ಅದರದೇ ಒಂದು ಸದ್ದು ಇರುತ್ತದೆ, ಅದು ರೇಡಿಯೊದೊಳಗೆ ನುಸುಳುತ್ತದೆ. ಮೇಷ್ಟ್ರು ಹೆದರಿದ್ದು ಅದಕ್ಕೆ. ಆ ಕಡಿತವನ್ನು ರೇಡಿಯೊದ ತಾಳಕ್ಕೇ ಕಟ್ಟಿಹಾಕುತ್ತೇನೆ, ಅದರ ಸದ್ದು ಎಲ್ಲಿ ಬೀಳುತ್ತದೆ ಎಂದು ಮೊದಲೇ ಗೊತ್ತಿದ್ದರೆ ಯಾರೂ ಮಾತಾಡದ ಜಾಗಕ್ಕೆ ಅದನ್ನು ತಳ್ಳಬಹುದು, ಉಳಿದ ಚೂರುಪಾರನ್ನು ತಂತಿ ಸುತ್ತಿದ ಒಂದು ಕಾಯಿಲ್, ಒಂದು ಕೆಪಾಸಿಟರ್ ನುಂಗಿಕೊಳ್ಳುತ್ತವೆ ಎಂದಳು. ಬಾಯಲ್ಲಿ ಎಲ್ಲ ಚೆಂದ ಎಂದರು ಮೇಷ್ಟ್ರು.

ಮೊದಲ ಬೋರ್ಡು ಬಂದಾಗ ಅವರ ಮಾತೇ ನಿಜವಾಯಿತು. ಊರಿನ ಬ್ಯಾಂಡು, ಕಾಡಿನ ಬ್ಯಾಂಡು ನಿರ್ಮಲವಾಗಿದ್ದವು. ದೋಣಿಗಳ ಬ್ಯಾಂಡಿನಲ್ಲಿ ಮಾತ್ರ ಯಾರೋ ದೂರದಲ್ಲಿ ಗರಗಸ ಎಳೆಯುತ್ತಿರುವಂಥ ಸದ್ದು. ಮೇಷ್ಟ್ರು ಹೆಡ್‌ಫೋನ್ ತೆಗೆದು ಮೇಜಿನ ಮೇಲೆ ಕುಕ್ಕಿದರು. ಇದೇ ನಾನು ಬಡಕೊಂಡದ್ದು, ಈ ಗಲಾಟೆಯಲ್ಲಿ ದೋಣಿ ಮುಳುಗ್ತಿದ್ರೂ ಕೇಳಿಸಲ್ಲ, ಒಬ್ಬರನ್ನ ಉಳಿಸೋಕೆ ಹೋಗಿ ಇನ್ನೊಬ್ಬರನ್ನ ಮುಳುಗಿಸ್ತೀಯಾ ಎಂದರು. ಅವಳು ತಿರುಗಿಬಿದ್ದಳು. ನೀವು ಸದ್ದಿಗೆ ಹೆದರಿ ಹೆದರಿಯೇ ಆ ಡಬ್ಬಿಯನ್ನು ಒಲೆ ಮಾಡಿಟ್ಟಿರಿ ಎಂದಳು. ಪಕ್ಕದ ಮೇಜುಗಳವರು ಒಬ್ಬೊಬ್ಬರೇ ಎದ್ದು ಹೊರಗೆ ಹೋದರು. ಇಬ್ಬರೂ ಬಾಯಿಗೆ ಬಂದದ್ದನ್ನೆಲ್ಲ ಆಡಿಕೊಂಡು, ದಣಿದು, ಮುಖ ತಿರುಗಿಸಿ ಕೂತರು.

ಸ್ವಲ್ಪ ಹೊತ್ತಾದ ಮೇಲೆ ಮೇಷ್ಟ್ರು ಮತ್ತೆ ಹೆಡ್‌ಫೋನ್ ಹಾಕಿಕೊಂಡು ಬೋರ್ಡನ್ನು ಕೈಯಲ್ಲಿ ಎತ್ತಿ ಅತ್ತಿತ್ತ ತಿರುಗಿಸಿದರು. ಬೆರಳನ್ನು ಒಂದು ಕಡೆ ತಂದಾಗ ಗರಗಸದ ಸದ್ದು ಬದಲಾಯಿತು. ಅವರು ಕೈಸನ್ನೆ ಮಾಡಿ ಅವಳನ್ನು ಕರೆದರು. ಬೆರಳಿದ್ದದ್ದು ಅವಳ ಕಾಯಿಲಿನ ಮೇಲೆ. ಅದರ ಮಗ್ಗುಲಲ್ಲೇ ದೋಣಿ ಬ್ಯಾಂಡಿನ ಆಂಟೆನಾ ಬಂದು ಸೇರುವ ಜಾಗ. ಸದ್ದು ತಂತಿಯ ದಾರಿಯಲ್ಲಿ ಬರುತ್ತಿರಲಿಲ್ಲ, ಕಾಯಿಲಿನಿಂದ ಪಕ್ಕಕ್ಕೆ ಹಾರುತ್ತಿತ್ತು.

“ಇದನ್ನ ಯಾಕಿಲ್ಲಿ ಕೂರಿಸಿದೆ?” ಎಂದರು.

“ಹಳೇ ಬೋರ್ಡಲ್ಲಿ ಅಲ್ಲೇ ಇತ್ತು,” ಎಂದಳು. ಹೇಳಿದ ಮೇಲೆ ತನ್ನ ಮಾತು ತನಗೇ ಕೇಳಿಸಿ ಕೆನ್ನೆ ಬಿಸಿಯಾಯಿತು. ಎಲ್ಲರನ್ನೂ ಇದು ಯಾಕಿದೆ ಎಂದು ಕೇಳಿ ಬೈದವಳು ತಾನೊಂದನ್ನು ಕೇಳಿಕೊಳ್ಳದೆ ಬಿಟ್ಟಿದ್ದಳು.

ರೆಗ್ಯುಲೇಟರುಗಳು ಖಾಲಿಯಾದ್ದರಿಂದ ಬೋರ್ಡಿನಲ್ಲಿ ಈಗ ಬೇಕಾದಷ್ಟು ಜಾಗವಿತ್ತು. ಕಾಯಿಲನ್ನು ಆಚೆ ಮೂಲೆಗೆ ಕಳಿಸಿ, ಮೇಲೊಂದು ತಗಡಿನ ಮುಚ್ಚಳ ಹಾಕಿದರು. ಮುಂದಿನ ಬೋರ್ಡು ಬಂದಾಗ ಮೇಷ್ಟ್ರು ಕಣ್ಣು ಮುಚ್ಚಿ ತುಂಬ ಹೊತ್ತು ಕೇಳಿ, ಏನೂ ಇಲ್ಲ ಎಂದರು. ಅವರ ಬಾಯಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಓವನ್ನಿನಲ್ಲಿಟ್ಟರು. ಅವಳ ಗಂಟಲು ಒಣಗಿತು, ಮೇಷ್ಟ್ರು ಎಣಿಸಿದರು, ಅವರ ಗಂಟಲೂ ಒಣಗಿತು, ಸೆಟ್ಟು ಮಾತು ನಿಲ್ಲಿಸಲಿಲ್ಲ.

ಹೊಸ ಸೆಟ್ ತೋರಿಸಲು ಆದರೆ ಸಾಹೇಬರು ಅಗ್ನಿಶಾಮಕ ಠಾಣೆಯಲ್ಲೇ ಸಭೆ ಇಟ್ಟುಕೊಂಡರು. ಮೇಲಿನ ಅಧಿಕಾರಿಗಳೂ ಬಂದಿದ್ದರು, ಕಂಪನಿಯಿಂದ ಮೇಷ್ಟ್ರೂ ಬಂದಿದ್ದರು. ದಾರಿಯಲ್ಲಿ ಕಾರಿನಲ್ಲೇ ಸಾಹೇಬರು ಅವಳಿಗೆ ಹೇಳಿದ್ದರು, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡು, ಉಳಿದದ್ದು ನನಗೆ ಬಿಡು ಎಂದು. ಅವರು ಚೆನ್ನಾಗಿ ಮಾತಾಡಿದರು. ಇದು ಹಗುರ, ಬ್ಯಾಟರಿ ಹೆಚ್ಚು ಬರುತ್ತದೆ, ಒಳಗೆ ಭಾಗಗಳು ಕಡಿಮೆ ಎಂದರು. ಹಿಂದಿನ ಸಾಲಿನಲ್ಲಿ ನಿಂತಿದ್ದ ಒಬ್ಬ ಅಗ್ನಿಶಾಮಕ, ಈಗ ನಮ್ಮ ಹತ್ರ ಇರೋದು ಹೇಗೆ ಎಂದು ಕೇಳಿದ.

“ಅದರಲ್ಲಿ ಯಾವ ತೊಂದರೆಯೂ ಇಲ್ಲ,” ಎಂದರು ಆದರೆ ಸಾಹೇಬರು. “ಗುಂಡಿ ಆಫ್ ಆಗದ ಹಾಗೆ ನೋಡ್ಕೊಂಡ್ರೆ ಸಾಕು.”

ಕರೆಂಟಮ್ಮ ಎದ್ದು ನಿಂತಳು. ನೆನೆದ ಸಮವಸ್ತ್ರ ಆರಿಸಲು ಠಾಣೆಯ ಗೋಡೆಗೊಂದು ಬಿಸಿಗಾಳಿಯ ದೊಡ್ಡ ಕಪಾಟು ಇತ್ತು. ಅವಳು ನೇರವಾಗಿ ಅದರ ಹತ್ತಿರ ಹೋದಳು. ಪ್ರಶ್ನೆ ಕೇಳಿದವನ ಎದೆಯ ಜೇಬಿನಿಂದ ಹಳೆಯ ಸೆಟ್ಟನ್ನು ಕೇಳಿ ತೆಗೆದುಕೊಂಡಳು. ಮೇಜಿನ ಮೇಲಿದ್ದ ಹೊಸದನ್ನೂ ತೆಗೆದುಕೊಂಡಳು. ಎರಡನ್ನೂ ಒಂದೇ ಜಾಕೆಟ್ಟಿನ ಎರಡು ಜೇಬಿಗೆ ಹಾಕಿ, ಮೂರು ಬ್ಯಾಂಡಿಗೂ ತಿರುಗಿಸಿ, ಕಪಾಟಿನೊಳಗೆ ನೇತುಹಾಕಿ, ಬಿಸಿ ಏರಿಸಿ ಬಾಗಿಲು ಮುಚ್ಚಿದಳು.

“ಕೂತ್ಕೋಮ್ಮ,” ಎಂದರು ಆದರೆ ಸಾಹೇಬರು, ಮೆಲ್ಲಗೆ.

ಅವಳು ಕೂರಲಿಲ್ಲ. ಠಾಣೆಯ ಅಧಿಕಾರಿಯ ಕೈಗೆ ಇನ್ನೊಂದು ಸೆಟ್ ಕೊಟ್ಟು, ನೀವೇ ಮಾತಾಡುತ್ತಿರಿ, ಏನಾದರೂ ಹೇಳಿ ಎಂದಳು. ಅವರು ಮುಜುಗರದಿಂದ ತಮ್ಮ ದಳದವರ ಹಾಜರಿ ಕೂಗತೊಡಗಿದರು. ಚಾಲಕ, ಏಣಿಯವನು, ನೀರಿನ ಕೊಳವೆಯವರು. ಕಪಾಟಿನೊಳಗಿನಿಂದ ಎರಡು ದನಿಗಳಲ್ಲಿ ಅದೇ ಹಾಜರಿ ಮರುಕಳಿಸಿತು. ಯಾರೋ ನಕ್ಕರು. ಸಭೆಗೆ ಬೇಸರ ಬರತೊಡಗಿತು. ಮೇಲಿನ ಅಧಿಕಾರಿಯೊಬ್ಬರು ಗಡಿಯಾರ ನೋಡಿಕೊಂಡರು. ಆಮೇಲೆ ಒಂದು ದನಿ ನಿಂತಿತು. ಉಳಿದದ್ದು ಒಂದೇ.

ಕರೆಂಟಮ್ಮ ಬಾಗಿಲು ತೆಗೆದು ಜಾಕೆಟ್ಟನ್ನು ಹೊರಗೆಳೆದು, ಮೂಕಾಗಿದ್ದ ಸೆಟ್ಟನ್ನು ಅದರ ಹಸಿರು ದೀಪ ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದಳು.

“ಇದನ್ನ ಯಾರೂ ಆಫ್ ಮಾಡಿಲ್ಲ,” ಎಂದಳು. “ಆ ಗೋದಾಮಿನಲ್ಲೂ ಯಾರೂ ಮಾಡಿರ್ಲಿಲ್ಲ. ಇದಕ್ಕೆ ಸೆಖೆ ಆಯ್ತು, ಬಾಯಿ ಮುಚ್ಕೊಳ್ತು. ಇದರ ಸಪ್ಲೈ ಬರೆದವಳು ನಾನು. ಬಿಸಿಯಾಗುತ್ತೆ ಅಂತ ನಮಗೆ ಗೊತ್ತಿದೆ, ಗೊತ್ತಿದ್ದೂ ಆಸ್ಪತ್ರೆಲಿ ಮಲಗಿರೋ ಮನುಷ್ಯನ ಕೈ ಮೇಲೆ ತಪ್ಪು ಹಾಕ್ತಿದ್ದೀವಿ.”

ಆದರೆ ಸಾಹೇಬರು ಎದ್ದು, ಇವರಿಗೆ ಮನೆಯಲ್ಲಿ ಕಷ್ಟ ಇದೆ, ಗಾಯಗೊಂಡವರು ಇವರ ಸಂಬಂಧಿ, ದಯವಿಟ್ಟು ಅರ್ಥ ಮಾಡಿಕೊಳ್ಳಿ ಎಂದು ಶುರು ಮಾಡಿದರು. ಅವರ ಮಾತು ಮುಗಿಯುವ ಮೊದಲೇ ಮೇಷ್ಟ್ರು ಕೂತಲ್ಲಿಂದಲೇ, ನನಗೆ ಅವರು ಏನೂ ಆಗಬೇಕಾಗಿಲ್ಲ, ನಾನೂ ಓವನ್ನಿನಲ್ಲಿ ಇದನ್ನೇ ನೋಡಿದ್ದೇನೆ, ಸಾಹೇಬರಿಗೆ ಹೇಳಿದಾಗ ಇವಳ ಪಕ್ಕದಲ್ಲೇ ಇದ್ದೆ ಎಂದರು. ಪ್ರಶ್ನೆ ಕೇಳಿದ್ದ ಅಗ್ನಿಶಾಮಕ ಕರೆಂಟಮ್ಮನ ಕೈಯಿಂದ ತನ್ನ ಸೆಟ್ಟನ್ನು ಈಸಿಕೊಂಡು ಹೋಗಿ ಸಾಹೇಬರ ಮುಂದಿನ ಮೇಜಿನ ಮೇಲಿಟ್ಟ. ಅವನ ಹಿಂದೆ ಇನ್ನೊಬ್ಬ ಬಂದ. ಮೇಲಿನ ಅಧಿಕಾರಿಗಳು ಬೇಡ ಎನ್ನಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಮೇಜಿನ ಮೇಲೆ ಜಾಗ ಸಾಲದೆ ನೆಲದ ಮೇಲಿಡತೊಡಗಿದರು.

ಆ ವಾರವೇ ದಳ ಹಳೆಯ ಮೂರು ಸೆಟ್ಟುಗಳ ಪದ್ಧತಿಗೆ ಮರಳಿತು. ಹೊಸ ಬೋರ್ಡು ಹಳೆಯ ಡಬ್ಬಿಯಲ್ಲೇ ಕೂರುವಂಥದ್ದಾದ್ದರಿಂದ ಎಲ್ಲ ಸೆಟ್ಟುಗಳೂ ಕಂಪನಿಗೆ ವಾಪಸು ಬಂದವು. ಕರೆಂಟಮ್ಮನನ್ನು ವಿನ್ಯಾಸ ವಿಭಾಗದಿಂದ ತೆಗೆದು ಕೆಳಮಹಡಿಯ ರಿಪೇರಿ ವಿಭಾಗಕ್ಕೆ ಹಾಕಿದರು. ಶಿಕ್ಷೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಅಲ್ಲಿ ಕೂತು ಅವಳು ಒಂದೊಂದು ಸೆಟ್ಟನ್ನೂ ಬಿಚ್ಚಿ, ತಾನು ಬರೆದ ಬೋರ್ಡನ್ನು ತಾನೇ ಕಿತ್ತು, ತಗಡಿನ ಡಬ್ಬಕ್ಕೆ ಸದ್ದಾಗುವ ಹಾಗೆ ಎಸೆಯುತ್ತಿದ್ದಳು. ಮೇಷ್ಟ್ರು ಹೆಡ್‌ಫೋನ್ ತಗಲಿಸಿಕೊಂಡು ಮಧ್ಯಾಹ್ನದ ಮೇಲೆ ಬಂದು ಪರೀಕ್ಷೆಗೆ ಕೂರುತ್ತಿದ್ದರು. ಆದರೆ ಸಾಹೇಬರಿಗೆ ಏನೂ ಆಗಲಿಲ್ಲ. ಕಂಪನಿಯ ದೊಡ್ಡ ಸಭೆಯಲ್ಲಿ ಅವರು ಸರಳ ವಿನ್ಯಾಸದ ಮಹತ್ವದ ಬಗ್ಗೆ ಭಾಷಣ ಮಾಡಿದರು ಎಂದು, ಬೇಡದ್ದನ್ನು ತೆಗೆಯುವ ಧೈರ್ಯ ಬೇಕು ಎಂದು ಹೇಳಿ ಚಪ್ಪಾಳೆ ಗಿಟ್ಟಿಸಿದರು ಎಂದು ಮೇಷ್ಟ್ರು ಬಂದು ಹೇಳಿದಾಗ ಅವಳ ಕೈಯ ಸ್ಕ್ರೂಡ್ರೈವರ್ ಜಾರಿ ಹೆಬ್ಬೆರಳಿಗೆ ತಾಗಿ ರಕ್ತ ಬಂತು.

ಭಾವನ ವಿಚಾರಣೆ ನಿಂತಿತು. ಠಾಣೆಯ ಅಧಿಕಾರಿ ತಾವೇ ಬಂದು, ನಿಮ್ಮ ತಪ್ಪು ಏನೂ ಇರಲಿಲ್ಲ ಎಂದು ಹಾಸಿಗೆಯ ಪಕ್ಕ ನಿಂತು ಹೇಳಿಹೋದರು. ಕಾಲು ಉಳಿಯಿತು, ಆದರೆ ಮಡಚುವುದಿಲ್ಲ. ಇನ್ನು ಬೆಂಕಿಯ ಹತ್ತಿರ ಹೋಗುವ ಹಾಗಿಲ್ಲ, ಕರೆ ಬಂದಾಗ ವಾಹನ ಕಳಿಸುವ ಕೋಣೆಯಲ್ಲಿ ಕೂರಬೇಕು. ಕೂತಲ್ಲೇ ಸಂಬಳ, ಯಾರಿಗುಂಟು ಈ ಯೋಗ ಎಂದು ಅವರು ನಗಾಡಿದರು. ಅಕ್ಕ ನಗಲಿಲ್ಲ.

ಇಷ್ಟೆಲ್ಲ ಆಗುವವರೆಗೂ ಅಕ್ಕ ತಂಗಿಯೊಡನೆ ಬೇಕಾದಷ್ಟೇ ಮಾತಾಡಿದ್ದಳು. ಔಷಧ ತಂದೆಯಾ, ತಂದೆ. ಅಷ್ಟೇ. ಒಂದು ಸಂಜೆ ಕೆಲಸ ಬಿಟ್ಟು ಹೊರಗೆ ಬಂದರೆ ಕಂಪನಿಯ ಗೇಟಿನ ಎದುರು ಡ್ರೈವಿಂಗ್ ಶಾಲೆಯ ಕಾರು ನಿಂತಿತ್ತು. ಹತ್ತು ಎಂದಳು ಅಕ್ಕ. ಸ್ವಲ್ಪ ದೂರ ಹೋಗಿ, ರಸ್ತೆಯ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿದಳು. ಏನಾಗಿತ್ತು, ಏನು ಮಾಡಿದೆ, ನನಗೆ ಅರ್ಥ ಆಗೋ ಹಾಗೆ ಹೇಳು ಎಂದಳು.

ಕರೆಂಟಮ್ಮ ಹೇಳಿದಳು. ಬೇಡದ ಭಾಗಗಳು ತುಂಬಿ ಬಿಸಿಯಾಗುತ್ತಿತ್ತು. ಅವನ್ನು ತೆಗೆದೆ. ಮೂರಕ್ಕೆ ಬೇರೆ ಬೇರೆ ಇದ್ದದ್ದನ್ನು ಒಂದು ಮಾಡಿದೆ. ಒಂದು ಕಾಯಿಲ್ ಇದ್ದ ಜಾಗ ಬದಲಾಯಿಸಿದೆವು. ಅವಳಿಗೆ ಹೇಳುವುದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ.

“ಇಷ್ಟೇನಾ?” ಎಂದಳು ಅಕ್ಕ.

“ಇಷ್ಟೇ.”

“ಇಷ್ಟು ಸುಲಭದ್ದನ್ನ ಮೊದಲೇ ಯಾಕೆ ಮಾಡ್ಲಿಲ್ಲ?”

ನಾನು ಜಗಳವಾಡಿದೆ, ಅವರು ಕೇಳಲಿಲ್ಲ ಎಂದು ಹೇಳಬಹುದಿತ್ತು. ಅದೆಲ್ಲ ನಿಜವೂ ಹೌದು. “ಬೇಡ ಅಂದ್ರು,” ಎಂದಳು ಕರೆಂಟಮ್ಮ. “ನಾನು ಸುಮ್ಮನಾದೆ.”

ಅಕ್ಕ ಮುಂದಿನ ಗಾಜಿನಾಚೆ ನೋಡುತ್ತ ಕೂತಳು. ಒಂದು ಸೈಕಲ್ಲು ಹೋಯಿತು, ಒಂದು ಲಾರಿ ಹೋಯಿತು. ಆಮೇಲೆ ಕಾರು ಚಾಲೂ ಮಾಡಿ, ತಂಗಿಯ ಮನೆಯವರೆಗೂ ಬಂದು ಬಾಗಿಲಲ್ಲಿ ನಿಲ್ಲಿಸಿದಳು. ಕರೆಂಟಮ್ಮ ಇಳಿದು ಬಾಗಿಲು ಹಾಕುವಾಗ ಕಿಟಕಿಯ ಗಾಜು ಕೆಳಗಿಳಿಯಿತು.

“ಭಾನುವಾರ ಊಟಕ್ಕೆ ಬಾ. ಅವರು ಪುಟ್ಟಿ ಎಲ್ಲಿ, ಪುಟ್ಟಿ ಎಲ್ಲಿ ಅಂತ ನನ್ನ ತಲೆ ತಿಂತಿದ್ದಾರೆ,” ಎಂದಳು ಅಕ್ಕ. “ನನ್ನ ಸಿಟ್ಟು ಇಳೀತು ಅಂತ ಮಾತ್ರ ಅಂದ್ಕೋಬೇಡ.”